ಉಪ್ಪು ಬಿದ್ದ ಮಣ್ಣು

ರೈಲಿಳಿದು ಮನೆಗೆ ಬಂದ ಉಷಾ ಬ್ಯಾಗನ್ನು ಹಾಲಿನಲ್ಲೇ ಬಿಟ್ಟು ನೇರ ತಾರಸಿಗೆ ಹತ್ತಿದಳು. ಅಣ್ಣನ ಮೊಮ್ಮಗುವಿನ ನಾಮಕರಣಕ್ಕೆಂದು ಮೈಸೂರಿಗೆ ಹೋದವಳು ಅತ್ತಿಗೆಯ ಒತ್ತಾಯಕ್ಕೆ ವಾರಕ್ಕಿಂತ ಹೆಚ್ಚು ಉಳಿದುಬಿಟ್ಟಿದ್ದಳು. ಅಲ್ಲಿದ್ದಷ್ಟು ದಿನವೂ ಅವಳಿಗೆ ಇಲ್ಲಿಯದೇ ಧ್ಯಾನ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಚೆನ್ನೈಯ ತಾರಸಿಯ ಮೇಲೆ ಒಂದು ಹೊತ್ತು ನೀರು ತಪ್ಪಿದರೂ ಗಿಡ ಬಾಡಿ ತಲೆ ಬಾಗಿಸುತ್ತದೆ.

ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತಳು. ಬೇರೆ ಯಾರದೋ ಕಟ್ಟಡಕ್ಕೆ ಬಂದುಬಿಟ್ಟೆನೇನೋ ಎಂದು ಒಂದು ಕ್ಷಣ ಅನಿಸಿತು. ಕಣ್ಣಿಗೆ ಹಸಿರೇ ಬೀಳಲಿಲ್ಲ. ಸಾಲಾಗಿ ನಿಂತ ಕುಂಡಗಳಲ್ಲೆಲ್ಲ ಕಡ್ಡಿಗಳು. ದಾಸವಾಳದ ಎಲೆಗಳು ಅಂಚಿನಿಂದ ಒಳಕ್ಕೆ ಸುಟ್ಟ ಹಪ್ಪಳದಂತೆ ಕಂದಾಗಿ, ಕೆಲವು ಇನ್ನೂ ಜೋತಾಡುತ್ತಿದ್ದವು. ಮಲ್ಲಿಗೆ ಬಳ್ಳಿ ಹಗ್ಗದ ಹಾಗೆ ಒಣಗಿತ್ತು. ನಿಂಬೆಗಿಡದ ಬುಡದಲ್ಲಿ ಅದರ ಎಲೆಗಳೇ ಹಾಸಿಗೆಯಾಗಿದ್ದವು. ನೀಲಿ ಡ್ರಮ್ಮಿನ ಸಂಪಿಗೆ ಈ ವರ್ಷ ಮೊದಲ ಸಲ ಹೂ ಬಿಟ್ಟಿತ್ತು. ಅದರ ಕೊಂಬೆಯನ್ನು ಮುಟ್ಟಿದಳು. ಪಟ್ಟನೆ ಮುರಿದು ಕೈಗೆ ಬಂತು.

ಅವಳಿಗೆ ಅಳು ಬರಲಿಲ್ಲ. ಮುರಿದ ಕೊಂಬೆಯನ್ನು ಹಿಡಿದುಕೊಂಡೇ ಒಂದು ಕುಂಡದಿಂದ ಇನ್ನೊಂದಕ್ಕೆ ನಡೆದಳು. ಎಲ್ಲೋ ಒಂದಾದರೂ ಉಳಿದಿರಬೇಕು ಎಂಬಂತೆ ಮತ್ತೆ ಮೊದಲಿನ ಕುಂಡಕ್ಕೇ ಬಂದಳು. ಕಾಲು ಸುಡುತ್ತಿರುವುದು ಗೊತ್ತಾದದ್ದು ಆಮೇಲೆ. ಚಪ್ಪಲಿ ಹಾಕುವುದನ್ನೇ ಮರೆತಿದ್ದಳು.

ವೇಲಚೇರಿಯ ಈ ಕಟ್ಟಡಕ್ಕೆ ಅವರು ಬಂದು ಆರೇಳು ವರ್ಷ. ಮೊದಲನೇ ಮಹಡಿಯಲ್ಲಿ ಮನೆ. ಕೆಳಗೆ ಕಾಂಪೌಂಡಿನಲ್ಲಿ ಇಟ್ಟ ಗಿಡಗಳು ಬಂದ ವರ್ಷವೇ ಮಳೆನೀರಿನಲ್ಲಿ ಕೊಳೆತುಹೋಗಿದ್ದರಿಂದ ಆಮೇಲೆ ಎಲ್ಲವನ್ನೂ ತಾರಸಿಯಲ್ಲೇ ಬೆಳೆಸಿದ್ದಳು. ಗಂಡ ಶ್ರೀನಾಥ್ ಬ್ಯಾಂಕಿನ ವರ್ಗದಿಂದಾಗಿ ಮಧುರೈಯಲ್ಲಿದ್ದ. ರಜೆಗೆ ಬಂದು ಹೋಗುತ್ತಿದ್ದ. ವಿಮಾ ಕಚೇರಿಯಿಂದ ಬಂದು ಕಾಫಿ ಕುಡಿದವಳಿಗೆ ಸಂಜೆಯೆಂದರೆ ತಾರಸಿ. ಈ ಊರಿನಲ್ಲಿ ಅವಳಿಗೆ ತನ್ನದು ಅನ್ನಿಸುವ ಜಾಗ ಅದೊಂದೇ.

ಕೆಳಗಿಳಿದು ಬಂದಾಗ ಮಗಳು ನವ್ಯಾ ಆಗ ತಾನೇ ಎದ್ದು ಹಲ್ಲುಜ್ಜುತ್ತಿದ್ದಳು. ಕಾಲೇಜಿನ ಪರೀಕ್ಷೆ ಇದ್ದದ್ದರಿಂದ ಅವಳು ಮೈಸೂರಿಗೆ ಬಂದಿರಲಿಲ್ಲ. ನೀರು ಹಾಕುವ ಕೆಲಸ ಅವಳ ಪಾಲಿಗೆ ಬಿದ್ದಿತ್ತು.

"ನೀರು ಹಾಕಿದ್ಯಾ?" ಉಷಾ ಕೇಳಿದಳು.

"ಡೈಲಿ ಊತ್ತಿನೇನ್ ಮಾ." ದಿನಾ ಹಾಕಿದೆ ಎಂದು. ಮಗಳಿಗೆ ಕನ್ನಡ ಬರುತ್ತದೆ, ಆದರೆ ಬಾಯಿಗೆ ಮೊದಲು ಬರುವುದು ತಮಿಳು. "ಎಲೆ ಉದುರೋಕೆ ಶುರುವಾದಾಗ ಇನ್ನೂ ಜಾಸ್ತಿ ಹಾಕ್ದೆ. ಫೋನಲ್ಲಿ ಹೇಳಿದ್ರೆ ನೀನು ಅಲ್ಲಿ ಟೆನ್ಷನ್ ಮಾಡ್ಕೋತೀಯ ಅಂತ ಹೇಳ್ಲಿಲ್ಲ."

"ದಿನಾ ಹಾಕಿದ್ರೆ ಹಿಂಗಾಗತ್ತಾ ನವ್ಯಾ? ಒಂದೂ ಉಳಿದಿಲ್ಲ. ನೀನು ಹತ್ತೇ ಇಲ್ಲ ಮೇಲಕ್ಕೆ. ಸುಳ್ಳು ಹೇಳ್ತಿದೀಯ."

ಮಗಳು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ತಾಯಿಯ ಮುಖ ನೋಡಿದಳು. ಸುಳ್ಳಿ ಎನಿಸಿಕೊಂಡದ್ದು ಅವಳಿಗೆ ಇದೇ ಮೊದಲು. ಬಾಯಿ ತೊಳೆದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಸಂಜೆ ಉಷಾ ಸತ್ತ ತುಳಸಿಯನ್ನು ಕಿತ್ತು ಕೈಯಲ್ಲಿ ಹಿಡಿದು ಕೂತಿದ್ದಾಗ ಕಟ್ಟಡದ ಕೊನೆಯ, ಮೂರನೇ ಮಹಡಿಯ ಸತ್ಯನಾರಾಯಣ ತಾರಸಿಗೆ ಬಂದರು. ರೈಲ್ವೆಯಿಂದ ನಿವೃತ್ತರಾದವರು. ಅಜ್ಜನ ಕಾಲಕ್ಕೇ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಬಂದ ಕನ್ನಡದ ಮನೆತನ. ಮಾತಿನಲ್ಲಿ ಅರ್ಧಕ್ಕರ್ಧ ತಮಿಳು. ಹೆಂಡತಿಗೆ ಸ್ಟ್ರೋಕ್ ಆದಮೇಲೆ ಅವರು ಯಾರೊಡನೆಯೂ ಹೆಚ್ಚು ಬೆರೆಯುತ್ತಿರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಒಂದು ನಗು, ಅಷ್ಟೇ.

ಅವರು ದೂರದಲ್ಲೇ ನಿಂತು ಬಹಳ ಹೊತ್ತು ಕುಂಡಗಳನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, "ಉಪ್ಪು ಮಾ," ಅಂದರು.

"ಏನು ಸಾರ್?"

"ಮಣ್ಣಿಗೆ ಉಪ್ಪು ಹತ್ತಿದೆ. ಎಲೆ ಅಂಚಿಂದ ಸುಡ್ತಾ ಬಂದಿದೆ ನೋಡಿ. ಮೇಲೆ ಬೆಳ್ಳಗೆ ಪುಡಿ ಕಟ್ಟಿದೆ. ನೀರು ಕಮ್ಮಿಯಾಗಿ ಹಿಂಗಾಗಿಲ್ಲ."

ಉಷಾ ಮಣ್ಣಿನ ಮೇಲೆ ಬೆರಳು ಒತ್ತಿ ನಾಲಿಗೆಗೆ ಮುಟ್ಟಿಸಿದಳು. ನಿಜವಾಗಿಯೂ ಉಪ್ಪು. ಎಲ್ಲಿಂದ ಎಂದು ಯೋಚಿಸಬೇಕಾಗಲಿಲ್ಲ. ತಾರಸಿಯಲ್ಲಿ ಎರಡು ನಲ್ಲಿಗಳಿದ್ದವು, ಒಂದು ನಗರದ ನೀರು ಸರಬರಾಜಿನ ಮೆಟ್ರೋ ವಾಟರಿನದು, ಇನ್ನೊಂದು ಬೋರಿನದು. ಬೇಸಿಗೆ ಬಂದರೆ ಬೋರಿನ ನೀರು ಬಾಯಿಗಿಡುವ ಹಾಗಿರುವುದಿಲ್ಲ. ಮಗಳಿಗೆ ಹೇಳಿಯೇ ಹೋಗಿದ್ದಳು.

ಅಷ್ಟರಲ್ಲಿ ನವ್ಯಾ ತಾಯಿಗೆ ಕಾಫಿ ಹಿಡಿದು ಮೇಲೆ ಬಂದಳು. ಬೆಳಗಿನ ಮಾತನ್ನು ಮರೆಯೋಣ ಎಂದು ಬಂದಿದ್ದಳೋ ಏನೋ. ಉಷಾ ಅವಳನ್ನು ಹತ್ತಿರಕ್ಕೂ ಬರಗೊಡಲಿಲ್ಲ.

"ಬೋರ್ ನೀರು ಹಾಕಿದೀಯ. ಎಷ್ಟು ಸಲ ಹೇಳಿದ್ದೆ ಎಡಗಡೆ ನಲ್ಲಿ ಅಂತ? ಫೋನಲ್ಲಿ ಮಾತಾಡ್ಕೊಂಡು ಯಾವುದೋ ತಿರುಗಿಸಿದೀಯ. ಆರು ವರ್ಷದ ಗಿಡ ಕೊಂದೆಯಲ್ಲೇ."

"ನಾನ್ ಮೆಟ್ರೋ ತಣ್ಣಿದಾನ್..." ಮೆಟ್ರೋ ನೀರೇ ಹಾಕಿದ್ದು ಎನ್ನಲು ಹೊರಟ ನವ್ಯಾ ಅರ್ಧಕ್ಕೇ ನಿಲ್ಲಿಸಿದಳು. ಅವಳು ಸತ್ಯನಾರಾಯಣರ ಕಡೆ ನೋಡಿದಳು. ಹೊರಗಿನವರ ಮುಂದೆ ಬೈಸಿಕೊಳ್ಳುವ ನಾಚಿಕೆ ಅವಳ ಮುಖದಲ್ಲಿತ್ತು.

"ಮಗೂನ ಬಯ್ಯಬೇಡಿ ಮಾ," ಸತ್ಯನಾರಾಯಣ ನೆಲ ನೋಡುತ್ತ ಹೇಳಿದರು. "ಬಯ್ದು ಏನೂ ಆಗಲ್ಲ. ಬೇರು ಪೂರಾ ಸತ್ತಿರಲ್ಲ. ನಾನು ಬಂದು ಕೈ ಹಾಕ್ತೀನಿ. ಎದ್ದೇಳ್ತವೆ."

ಕಾಫಿಯ ಲೋಟವನ್ನು ಗೋಡೆಯ ಮೇಲಿಟ್ಟು ನವ್ಯಾ ಇಳಿದು ಹೋದಳು. ಆಮೇಲೆ ತಾಯಿ ಮಗಳ ನಡುವೆ ಊಟಕ್ಕೆ ಬಾ, ಬಾಗಿಲು ಹಾಕ್ಕೋ ಎನ್ನುವಷ್ಟು ಮಾತ್ರ ಮಾತು ಉಳಿಯಿತು.

ಸತ್ಯನಾರಾಯಣ ಹೇಳಿದ ಹಾಗೆಯೇ ಬಂದರು. ಬಿಸಿಲೇರುವ ಮೊದಲೇ ತಾರಸಿಯಲ್ಲಿರುತ್ತಿದ್ದರು. ಮಾಧವರಂ ಕಡೆಯ ಒಂದು ನರ್ಸರಿಯವರಿಗೆ ಇಂಥ ಗಿಡಗಳ ವಿಷಯ ಗೊತ್ತು ಎಂದು ಯಾರೋ ಹೇಳಿದರಂತೆ; ಆ ಬಿಸಿಲಿನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಹೋಗಿ ಕೇಳಿಕೊಂಡು ಬಂದರು. ಮೊದಲು ಕುಂಡಗಳ ಮೇಲ್ಮಣ್ಣನ್ನು ಕೆರೆದು ತೆಗೆದರು. ಆಮೇಲೆ ಒಂದೊಂದೇ ಕುಂಡವನ್ನು ಮಳೆನೀರಿನ ಕೊಳವೆ ಇರುವ ಮೂಲೆಗೆ ಎಳೆದುಕೊಂಡು ಹೋಗಿ ಮೆಟ್ರೋ ನೀರು ತುಂಬಿಸಿ ಸೋರಲು ಬಿಟ್ಟರು. ಸೋರಿದ ಮೇಲೆ ಮತ್ತೆ ತುಂಬಿಸಿದರು. ಉಪ್ಪು ನೀರಿನ ಜೊತೆ ಇಳಿದು ಹೋಗಬೇಕು, ಬೇರೆ ದಾರಿಯಿಲ್ಲ ಅಂದರು.

"ಇಲ್ಲೇ ಹಾಕಬಹುದಲ್ಲ ಸಾರ್. ಅಷ್ಟು ಭಾರ ಯಾಕೆ ಎಳೀತೀರಿ, ನಿಮ್ಮ ಸೊಂಟ ಹೋಗತ್ತೆ," ಉಷಾ ಹೇಳಿದಳು.

"ಇಲ್ಲ ಮಾ, ನೀರು ನಿಲ್ಲಬಾರದು," ಎಂದರು.

ಡ್ರಮ್ಮನ್ನು ಮಾತ್ರ ಇಬ್ಬರೂ ಸೇರಿ ನೂಕಿದರೂ ಅಲ್ಲಾಡಿಸಲಾಗಲಿಲ್ಲ. ಸಂಪಿಗೆಗೆ ಇದ್ದಲ್ಲೇ ತಂಬಿಗೆಯಲ್ಲಿ ಸ್ವಲ್ಪ ಸ್ವಲ್ಪ ನೀರು ಹನಿಸಿದರು.

ಅವರು ಕಡ್ಡಿಗಳನ್ನು ಉಗುರಿನಿಂದ ಕೆರೆದು ನೋಡುವುದನ್ನು ಅವಳಿಗೂ ಕಲಿಸಿದರು. ತೊಗಟೆಯ ಕೆಳಗೆ ಕಂದಾದರೆ ಅಲ್ಲಿಗೆ ಕತ್ತರಿ. ಕೆರೆಯುತ್ತ ಕೆಳಗಿಳಿದು ಹಸಿರು ಕಂಡ ಕಡೆ ನಿಲ್ಲಿಸಬೇಕು. ದಾಸವಾಳಕ್ಕೆ ಮೊಣಕಾಲೆತ್ತರದಲ್ಲೇ ಹಸಿರು ಸಿಕ್ಕಿತು. ಮಲ್ಲಿಗೆಗೆ ಬುಡದವರೆಗೂ ಹೋಗಬೇಕಾಯಿತು. ಕರಿಬೇವಿಗೆ ಏನೂ ಕಾಣಲಿಲ್ಲ. ಸವರಿದ ಗಿಡಗಳ ಕುಂಡಗಳನ್ನೆಲ್ಲ ನೀರಿನ ಟ್ಯಾಂಕಿನ ನೆರಳಿಗೆ ಸಾಗಿಸಿ ಮೇಲೆ ಗೋಣಿತಾಟು ಕಟ್ಟಿದರು. ಬೇಗ ಚಿಗುರಲಿ ಎಂದು ಉಷಾ ಗೊಬ್ಬರದ ಚೀಲ ತಂದಾಗ ತಡೆದರು.

"ಈಗ ಬೇಡ. ಜ್ವರ ಬಂದು ಮಲಗಿದವರಿಗೆ ಬಿರಿಯಾನಿ ತಿನ್ನಿಸಿದ ಹಾಗೆ. ತಾನಾಗಿ ಒಂದು ಎಲೆ ಬಿಡಲಿ, ಅಪ್ಪುರಂ ನೋಡೋಣ."

ಹೀಗೆ ತನಗಾಗಿ ಒಬ್ಬರು ಇಷ್ಟು ಬೆವರು ಸುರಿಸುವುದನ್ನು ನೋಡಿ ಉಷಾಗೆ ಸಂಕೋಚವಾಗುತ್ತಿತ್ತು. ಕಾಫಿ ಕೊಟ್ಟರೆ ಬೇಡ ಅನ್ನುತ್ತಿದ್ದರು. ಒಂದು ದಿನ ಕೇಳಿದಳು, "ನಿಮಗೂ ಗಿಡ ಅಂದ್ರೆ ಇಷ್ಟು ಪ್ರೀತಿ ಅಂತ ಗೊತ್ತೇ ಇರ್ಲಿಲ್ಲ ಸಾರ್."

ಅವರು ಕತ್ತರಿಯನ್ನು ಪಂಚೆಯ ತುದಿಗೆ ಒರೆಸುತ್ತಿದ್ದರು.

ಜೂನ್ ಬಂತು. ಸಂಜೆಯ ಮೋಡದಿಂದ ಒಂದೆರಡು ಮಳೆ ಬಿತ್ತು. ದಾಸವಾಳದ ಬೋಳು ಕಾಂಡದ ಮೇಲೆ ಸಾಸಿವೆ ಕಾಳಿನಂಥ ಚಿಗುರುಮೊಗ್ಗುಗಳು ಎದ್ದವು. ಮಲ್ಲಿಗೆ ಬುಡದಿಂದ ಕೆಂಪು ಚಿಗುರು ಬಿಟ್ಟಿತು. ಸತ್ತಿತೆಂದು ಕಿತ್ತೆಸೆಯಲು ಹೊರಟಿದ್ದ ಕರಿಬೇವು ಕಾಂಡವನ್ನು ಬಿಟ್ಟು ಬೇರಿನಿಂದಲೇ ಹೊಸ ಮರಿ ಎಬ್ಬಿಸಿತು. ನಿಂಬೆ ಎಲೆಯಿಟ್ಟಿತು. ಸಂಪಿಗೆ ಮಾತ್ರ ಏಳಲಿಲ್ಲ.

ಶನಿವಾರ ಉಷಾ ರವೆ ಉಂಡೆ ಮಾಡಿ ಡಬ್ಬಿಗೆ ಹಾಕಿಕೊಂಡು ಮೂರನೇ ಮಹಡಿಗೆ ಹೋದಳು. ಇಷ್ಟು ವರ್ಷದಲ್ಲಿ ಆ ಮನೆಯೊಳಗೆ ಕಾಲಿಟ್ಟಿರಲಿಲ್ಲ ಎಂಬುದು ಕರೆಗಂಟೆ ಒತ್ತುವಾಗ ಹೊಳೆಯಿತು.

"ಯಾರು? ಬಾಗಿಲು ತೆಗೆದೇ ಇದೆ, ಬನ್ನಿ," ಒಳಗಿಂದ ಹೆಂಗಸಿನ ಧ್ವನಿ ತೊದಲಿತು. "ಅವರು ಮಾತ್ರೆ ತರಕ್ಕೆ ಹೋಗಿದಾರೆ."

ಹಾಲಿನ ನಡುವೆಯೇ ಮಂಚವಿತ್ತು. ಸತ್ಯನಾರಾಯಣರ ಹೆಂಡತಿ ಜಯಲಕ್ಷ್ಮೀ ದಿಂಬಿಗೆ ಒರಗಿ ಮಲಗಿದ್ದರು. ಒಂದು ಕೈ ಹೊದಿಕೆಯ ಮೇಲೆ ನಿಶ್ಚಲವಾಗಿತ್ತು. ಹುಬ್ಬಿನ ಮೇಲಿಂದ ಕೂದಲಿನವರೆಗೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

"ಉಷಾ ಅಲ್ವಾ? ಕೂತ್ಕೊಳ್ಳಮ್ಮ. ಗಿಡ ಬಂತಾ?"

"ಬಂತು ಆಂಟಿ. ಎಲ್ಲಾ ಸಾರ್ ದಯ. ತಲೆಗೆ ಏನಾಯ್ತು?"

"ಅದಾ? ನೀವು ಊರಿಗೆ ಹೋದಾಗ ಮೇಲಿಂದ ಗಾರೆ ಬಿತ್ತಲ್ಲ. ಅವರು ಹೇಳ್ಲಿಲ್ವಾ?" ಜಯಲಕ್ಷ್ಮೀ ಕಣ್ಣಿನಲ್ಲೇ ಒಳಕೋಣೆಯನ್ನು ತೋರಿಸಿದರು. "ನನಗೆ ಹೊರಳಕ್ಕಾಗಲ್ಲ. ಬೀಳೋದು ನೋಡ್ತಾನೇ ಇದ್ದೆ."

ಉಷಾ ಎದ್ದು ಕೋಣೆಯ ಬಾಗಿಲಿಗೆ ಹೋದಳು. ಛಾವಣಿಯ ಅರ್ಧದಷ್ಟು ಗಾರೆ ಕಳಚಿ ತುಕ್ಕು ಹಿಡಿದ ಕಂಬಿಗಳು ಪಕ್ಕೆಲುಬಿನಂತೆ ಕಾಣುತ್ತಿದ್ದವು. ಗೋಡೆಯುದ್ದಕ್ಕೂ ನೀರಿಳಿದ ಕಪ್ಪು ಗೀರು. ಕೆಳಗೆ ಬಕೆಟ್ಟಿತ್ತು. ಅವಳು ಮನಸ್ಸಿನಲ್ಲೇ ತಾರಸಿಯನ್ನು ಅದರ ಮೇಲೆ ಇಟ್ಟು ನೋಡಿದಳು. ಸಂಪಿಗೆಯ ಡ್ರಮ್ಮು ಸರಿಯಾಗಿ ಅಲ್ಲೇ ಬರುತ್ತಿತ್ತು.

ಹಿಂದಿನಿಂದ ಜಯಲಕ್ಷ್ಮೀ ಮಾತಾಡುತ್ತಲೇ ಇದ್ದರು, ಎಲ್ಲ ಗೊತ್ತಿರುವವಳ ಬಳಿ ಮಾತಾಡುವ ಹಾಗೆ.

"ಮನುಷ್ಯ ಕೆಟ್ಟವರಲ್ಲಮ್ಮ. ಆಸ್ಪತ್ರೆಯಿಂದ ಕರ್ಕೊಂಡು ಬಂದ ದಿನ ನನ್ನ ತಲೆ ನೋಡಿ ನೋಡಿ ಕೂತಿದ್ರು. ಎದ್ದು ಅಡಿಗೆಮನೆಗೆ ಹೋದ್ರು. ಕಲ್ಲುಪ್ಪಿನ ಚೀಲ ತಗೊಂಡು ಮೇಲೆ ಹೋಗಿದ್ದು ನಾನು ಕಂಡೆ. ಕೂಗಿದೆ, ನಿಲ್ಲಲಿಲ್ಲ. ಕರಗಿಸಿ ಎಲ್ಲಾದಕ್ಕೂ ಸುರಿದು ಬಂದ್ರು. ಆಮೇಲೆ ನಾನೇ ಅಂದೆ, ಆ ಹೆಂಗಸು ಊರಿಂದ ಬರ್ತಾಳೆ, ಹೋಗಿ ಕಾಲಿಗೆ ಬೀಳಿ, ನಿಮ್ಮ ಕೈಯಲ್ಲಿ ಕೆಟ್ಟಿದ್ದು ನಿಮ್ಮ ಕೈಯಲ್ಲೇ ಸರಿಮಾಡಿ ಅಂತ. ನೀವು ಕ್ಷಮಿಸಿದ್ರಲ್ಲ, ದೊಡ್ಡ ಮನಸ್ಸು."

ಉಷಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳಿಗೆ ಗಿಡಗಳು ನೆನಪಾಗಲಿಲ್ಲ. ಕಾಫಿ ಲೋಟ ಹಿಡಿದು ನಿಂತ ನವ್ಯಾಳ ಮುಖ ನೆನಪಾಯಿತು.

ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಮಾತ್ರೆಯ ಪೊಟ್ಟಣ ಹಿಡಿದ ಸತ್ಯನಾರಾಯಣ ಅವಳನ್ನು ಕಂಡು, ಹೆಂಡತಿಯ ಮುಖ ಕಂಡು, ಅಲ್ಲೇ ನಿಂತರು.

"ನನ್ನ ಮಗಳನ್ನ ನಾನು ಬೈಯೋವಾಗ ನೀವು ಪಕ್ಕದಲ್ಲೇ ಇದ್ರಿ," ಉಷಾ ಹೇಳಿದಳು. "ಒಂದು ಮಾತು ಹೇಳಬಹುದಿತ್ತು."

"ಹೇಳಬೇಕಿತ್ತು ಮಾ. ಬಾಯಿ ಬರಲಿಲ್ಲ. ದಿನಾ ಮೇಲೆ ಬರುವಾಗ ಇವತ್ತು ಹೇಳ್ತೀನಿ ಅಂತಾನೇ ಬರ್ತಿದ್ದೆ."

"ಸೋರ್ತಿದೆ ಅಂತ ನನ್ನ ಹತ್ರ ಬಂದು ಹೇಳಬಹುದಿತ್ತು."

"ಬಂದಿದ್ದೆ," ಅವರು ಮೆಲ್ಲಗೆ ಅಂದರು. "ಕಾರ್ತೀಕದಲ್ಲಿ ಒಂದು ಸಲ. ಕುಂಡದ ಕೆಳಗೆ ತಟ್ಟೆ ಇಟ್ಟಿದೀನಿ, ಅದು ನಮ್ಮದಲ್ಲ ಅಂದ್ರಿ. ಅಸೋಸಿಯೇಷನ್ ಸೆಕ್ರೆಟರಿ ಮೋಹನ್ ಮೀಟಿಂಗಲ್ಲಿ ನೋಡೋಣ ಅಂದ್ರು."

ಹೌದು, ಬಂದಿದ್ದರು. ಅವಳು ಕಚೇರಿಗೆ ಹೊರಡುವ ಆತುರದಲ್ಲಿದ್ದಳು. ಬಾಗಿಲಲ್ಲೇ ನಿಲ್ಲಿಸಿ ಆ ಮಾತು ಹೇಳಿ ಕಳಿಸಿದ್ದಳು, ಮತ್ತೆ ಅದರ ನೆನಪೇ ಇರಲಿಲ್ಲ.

ರವೆ ಉಂಡೆಯ ಡಬ್ಬಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಉಳಿಯಿತು. ಉಷಾ ಮೆಟ್ಟಿಲಿಳಿದು ಮನೆಗೆ ಬಂದಳು. ನವ್ಯಾ ಸೋಫಾದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಉಷಾ ಎದುರಿಗೆ ಕೂತು ಕೇಳಿದ್ದನ್ನೆಲ್ಲ ಹೇಳಿದಳು.

"ನೀನು ಸರಿಯಾದ ನೀರೇ ಹಾಕಿದ್ದೆ. ನಿನ್ನ ಮಾತು ನಾನು ನಂಬಲಿಲ್ಲ. ತಪ್ಪಾಯ್ತು ಪುಟ್ಟಿ."

ನವ್ಯಾ ಲ್ಯಾಪ್‌ಟಾಪ್ ಮುಚ್ಚಿದಳು. "ನಾನೇ ನಂಬಿಬಿಟ್ಟಿದ್ದೆ ಮಾ," ಅಂದಳು. "ರಾಂಗ್ ಟ್ಯಾಪ್ ತಿರುಗಿಸಿದ್ನೋ ಏನೋ ಅಂತ. ಆ ಅಂಕಲ್ ದಿನಾ ನನ್ನ ನೋಡಿ ನಗ್ತಿದ್ರು." ಅವಳ ಕಣ್ಣು ತುಂಬಿತು. ಫೋನು ಎತ್ತಿಕೊಂಡಳು. "ಅಸೋಸಿಯೇಷನ್ ಗ್ರೂಪಲ್ಲಿ ಹಾಕ್ತೀನಿ. ಎಲ್ಲಾರ್ಕುಂ ತೆರಿಯಟ್ಟುಂ." ಎಲ್ಲರಿಗೂ ಗೊತ್ತಾಗಲಿ.

ಉಷಾ ತಡೆಯಲೂ ಇಲ್ಲ, ಹೂಂ ಅನ್ನಲೂ ಇಲ್ಲ. "ಹಾಕೋದಾದ್ರೆ ಹಾಕು. ಆದ್ರೆ ಒಂದು ಸಲ ಮೇಲೆ ಹೋಗಿ ಆ ರೂಮ್ ನೋಡಿ ಬಾ," ಅಂದಳು.

ನವ್ಯಾ ನೋಡಲು ಹೋಗಲಿಲ್ಲ. ಗ್ರೂಪಿನಲ್ಲೂ ಹಾಕಲಿಲ್ಲ.

ಮರುದಿನದಿಂದ ಸತ್ಯನಾರಾಯಣ ತಾರಸಿಗೆ ಬರುವುದು ನಿಂತಿತು. ಉಷಾ ಒಬ್ಬಳೇ ಗಿಡಗಳಿಗೆ ನೀರು ಹಾಕಿದಳು. ಚಿಗುರುಗಳ ಮೇಲೆ ಕೈಯಾಡಿಸಲು ಹೋದರೆ ಕೈ ಹಿಂದೆ ಬರುತ್ತಿತ್ತು. ಕೊಂದದ್ದೂ ಎಬ್ಬಿಸಿದ್ದೂ ಒಂದೇ ಕೈ. ಅವಳಿಗೆ ಯಾವುದನ್ನು ಮೊದಲು ನೆನೆಯಬೇಕೋ ತಿಳಿಯುತ್ತಿರಲಿಲ್ಲ. ಕೆಲವು ದಿನ ಹೀಗೆ ಕಳೆದ ಮೇಲೆ ಅವಳು ಸೆಕ್ರೆಟರಿ ಮೋಹನ್ ಮನೆಗೆ ಹೋಗಿ, ತಾರಸಿ ರಿಪೇರಿ ಅಕ್ಟೋಬರಿನ ಮಳೆಗಾಲಕ್ಕೆ ಮುಂಚೆ ಆಗಲೇಬೇಕು ಎಂದು ಪಟ್ಟು ಹಿಡಿದಳು. ಅವರು ಕುಂಡಗಳನ್ನು ಇಳಿಸಬೇಕಾಗುತ್ತದೆ ಅಂದರು. ಇಳಿಸುತ್ತೇನೆ ಅಂದಳು.

ಕೆಲಸದವರು ಬಂದ ದಿನ ಅವಳು ರಜೆ ಹಾಕಿ ತಾರಸಿಯಲ್ಲೇ ನಿಂತಿದ್ದಳು. ಸಂಪಿಗೆಯ ಡ್ರಮ್ಮನ್ನು ಎತ್ತಲು ಆಗದೆ ಅವರು ಅದನ್ನು ಗರಗಸದಲ್ಲಿ ಸೀಳಿದರು. ಮಣ್ಣು ಸರಿಸಿದಾಗ ಕಾರಣ ಕಂಡಿತು. ಡ್ರಮ್ಮಿನ ತಳದ ತೂತಿನಿಂದ ಬೇರು ಹೊರಬಿದ್ದು ತಾರಸಿಗೆ ಹಾಸಿದ ಹಂಚುಗಳ ಸಂದಿಯೊಳಗೆ ಇಳಿದಿತ್ತು. ಒಂದೊಂದೇ ಹಂಚು ಎಬ್ಬಿಸಿದಂತೆ ಅದು ಮುಂದುವರಿಯುತ್ತಲೇ ಹೋಯಿತು. ಹೆಬ್ಬೆರಳು ದಪ್ಪ, ಆಮೇಲೆ ಕಿರುಬೆರಳು, ಆಮೇಲೆ ಕೂದಲಿನ ಜಡೆಯ ಹಾಗೆ ಸುಣ್ಣದ ಪದರದಲ್ಲಿ ಹರಡಿ, ಅದರ ಕೆಳಗಿನ ಗಾರೆಯನ್ನು ಸೀಳಿತ್ತು. ಆ ಸೀಳಿನಲ್ಲಿ ಇನ್ನೂ ನೀರಿತ್ತು.

"ಇದುದಾನ್ ಮೇಡಂ," ಅಂದ ಮೇಸ್ತ್ರಿ. ಸೋರಿದ್ದು ಇದರಿಂದಲೇ ಎಂದು.

ಉಷಾ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು. ಗಿಡಗಳು ಸುಟ್ಟುಹೋದದ್ದನ್ನು ಕಂಡಾಗಲೂ, ಜಯಲಕ್ಷ್ಮೀಯ ಬಾಯಿಂದ ಆ ಮಾತು ಕೇಳಿದಾಗಲೂ ಅವಳ ಮೈ ಹೀಗೆ ತಣ್ಣಗಾಗಿರಲಿಲ್ಲ. ತಟ್ಟೆ ಇಟ್ಟಿದ್ದೇನೆ ಎಂದು ಹೇಳಿ ಕಳಿಸಿದ್ದಳು. ತಾನು ದಿನವೂ ನೀರೆರೆದ ಮರ, ಹೂ ಬಿಟ್ಟಿತೆಂದು ಫೋಟೋ ತೆಗೆದು ಅಣ್ಣನಿಗೆ ಕಳಿಸಿದ ಮರ, ಕೆಳಗೆ ಅಲ್ಲಾಡಲಾರದೆ ಮಲಗಿದ್ದವರ ತಲೆಯ ಮೇಲೆ ಛಾವಣಿಯನ್ನು ಬಿಡಿಸುತ್ತಿತ್ತು.

ಬೇರಿನ ತುಂಡನ್ನು ಕೈಯಲ್ಲಿ ಹಿಡಿದು ಅವಳು ಮೂರನೇ ಮಹಡಿಗೆ ಇಳಿದಳು. ಸತ್ಯನಾರಾಯಣ ಬಾಗಿಲು ತೆಗೆದರು. ಅವಳು ಅದನ್ನು ಅವರ ಮುಂದೆ ಹಿಡಿದಳು.

"ನಮ್ಮದೇ ಸಾರ್. ನಮ್ಮ ಗಿಡದ್ದೇ."

ಅವರು ಬೇರನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಕೋಪವಾಗಲಿ, ಗೆದ್ದ ಭಾವವಾಗಲಿ ಅವರ ಮುಖದಲ್ಲಿ ಕಾಣಲಿಲ್ಲ.

"ಅದಕ್ಕೇನು ಗೊತ್ತು ಮಾ," ಅಂದರು. "ನೀರಿರೋ ಕಡೆ ಹೋಗತ್ತೆ." ಆಮೇಲೆ ಕೇಳಿದರು, "ಮಿಕ್ಕ ಕುಂಡ ಇಳಿಸೋಕೆ ಯಾರಿದಾರೆ?"

"ಯಾರೂ ಇಲ್ಲ. ಬನ್ನಿ," ಅಂದಳು ಉಷಾ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಳಗಿಂದ ಜಯಲಕ್ಷ್ಮೀ, "ಸೊಂಟ ಜೋಪಾನ," ಅಂದರು.

ಕುಂಡಗಳು ಕಾಂಪೌಂಡಿನ ಗೋಡೆಯ ಪಕ್ಕ ಇಟ್ಟಿಗೆಗಳ ಮೇಲೆ ಸಾಲಾಗಿ ಕೂತವು. ಆಗಸ್ಟಿನೊಳಗೆ ಛಾವಣಿಯ ಕೆಲಸ ಮುಗಿದು ಜಯಲಕ್ಷ್ಮೀಯ ಮಂಚ ಕೋಣೆಗೆ ಹಿಂದಿರುಗಿತು. ಕುಂಡಗಳನ್ನು ಮತ್ತೆ ತಾರಸಿಗೆ ಹತ್ತಿಸಲಿಲ್ಲ. ಉಷಾ ಆಗಾಗ ಹೋಗಿ ಅವರ ಪಕ್ಕ ಕೂತು ಬರುತ್ತಿದ್ದಳು. ನವ್ಯಾ ಮಾತ್ರ ಮೆಟ್ಟಿಲಲ್ಲಿ ಸತ್ಯನಾರಾಯಣ ಎದುರಾದರೆ ಫೋನು ನೋಡುತ್ತ ದಾಟಿಬಿಡುತ್ತಿದ್ದಳು. ಉಷಾ ಅವಳಿಗೆ ಏನೂ ಹೇಳಲಿಲ್ಲ. ಹೇಳುವ ಹಕ್ಕು ತನಗಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಮಳೆ ಹಿಡಿದುಕೊಂಡಿತು. ರಸ್ತೆಯ ನೀರು ಗೇಟಿನ ಕೆಳಗಿಂದ ಒಳಗೆ ನುಗ್ಗಿ ಇಟ್ಟಿಗೆಗಳನ್ನು ಮುಟ್ಟಿತು. ಉಷಾ ಕಚೇರಿಯಿಂದ ಹೇಗೋ ನೆನೆದುಕೊಂಡು ಬಂದಾಗ ನವ್ಯಾ ಪ್ಯಾಂಟು ಮಡಚಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಕುಂಡಗಳನ್ನು ಎತ್ತುತ್ತಿದ್ದಳು. ಸತ್ಯನಾರಾಯಣ ಮೆಟ್ಟಿಲಿಳಿದು ಬಂದು ಕೊನೆಯ ಮೆಟ್ಟಿಲಲ್ಲಿ ನಿಂತರು. ನೀರಿಗೆ ಇಳಿಯಲೋ ಬೇಡವೋ ಎಂದು ಅನುಮಾನಿಸುತ್ತಿದ್ದರು.

ನವ್ಯಾ ನಿಂಬೆಯ ಕುಂಡವನ್ನು ಎದೆಗವಚಿಕೊಂಡು ಅವರ ಮುಂದೆ ಬಂದು ನಿಂತಳು. ಅವರ ಮುಖ ನೋಡಲಿಲ್ಲ.

"ಪಿಡಿಂಗ," ಅಂದಳು.

ಅವರು ಎರಡೂ ಕೈ ಚಾಚಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಅವಳು ಮುಂದಿನ ಕುಂಡಕ್ಕೆ ತಿರುಗಿದಳು.